ಮಾಸ್ತರರ ಕೈಗುಣ

ಮಾಸ್ತರರು ಕೀಲಿ ತಿರುಗಿಸಿದರು. ಕಾರು ಒಳಗೆಲ್ಲೋ ‘ಟಕ್’ ಎಂದು ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿದರು. ಈ ಸಲ ಆ ಸದ್ದೂ ಬರಲಿಲ್ಲ.

ಗೇಟಿನಾಚೆ, ಒಂದು ಪಕ್ಕಕ್ಕೆ, ಶವದ ವ್ಯಾನು ಬಂದು ನಿಂತಿತ್ತು. ಒಳಗೆ, ನಡುಮನೆಯಲ್ಲಿ, ಅವರ ಹೆಂಡತಿಯನ್ನು ಸ್ಟ್ರೆಚರಿನ ಮೇಲೆ ಮಲಗಿಸಿ ಕುತ್ತಿಗೆಯ ತನಕ ಬಿಳಿ ಬಟ್ಟೆ ಹೊದಿಸಿದ್ದರು. ಮುಂಬಾಗಿಲಿಗೂ ಗೇಟಿಗೂ ನಡುವೆ ಇದ್ದದ್ದು ಒಂದೇ ದಾರಿ. ಒಂದು ಪಕ್ಕ ಮನೆಯ ಗೋಡೆ, ಇನ್ನೊಂದು ಪಕ್ಕ ಕಾಂಪೌಂಡು. ಆ ದಾರಿಯ ತುಂಬ ಬೂದುಬಣ್ಣದ ಹಳೆಯ ಕಾರು ನಿಂತಿತ್ತು. ಬೆಳಗಿನಿಂದ ಬಂದವರೆಲ್ಲ ಹೊಟ್ಟೆ ಒಳಗೆಳೆದುಕೊಂಡು, ಅಡ್ಡಡ್ಡವಾಗಿ ನುಸುಳಿ ಮನೆಯೊಳಗೆ ಹೋಗಿದ್ದರು. ಸ್ಟ್ರೆಚರನ್ನು ಹಾಗೆ ನುಸುಳಿಸುವಂತಿರಲಿಲ್ಲ. ಕಾರು ಹೊರಗೆ ಹೋಗದೆ ಅವಳು ಹೊರಗೆ ಹೋಗುವಂತಿರಲಿಲ್ಲ.

ಆಸ್ಪತ್ರೆಯಿಂದ ಅವಳನ್ನು ಕೊನೆಯ ಸಲ ಕರೆತಂದಾಗ, ಅಷ್ಟು ದೂರವೂ ನಡೆಯುವುದು ಬೇಡವೆಂದು ಮಾಸ್ತರರೇ ಕಾರನ್ನು ಬಾಗಿಲ ತನಕ ತಂದು ನಿಲ್ಲಿಸಿದ್ದರು. ಅದಾದ ಮೇಲೆ ಅದನ್ನು ಯಾರೂ ಚಾಲೂ ಮಾಡಿರಲಿಲ್ಲ.

“ಏನಾಯ್ತೋ?” ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಕ್ಕ ಕೇಳಿದರು.

“ಏನಿಲ್ಲಕ್ಕ. ಬಹಳ ದಿನದಿಂದ ನಿಂತಿದೆಯಲ್ಲ...”

ಮೂಲೆಮನೆಯ ಕಂಪೌಂಡರು ಮುಂದೆ ಬಂದರು. “ತಳ್ಳಿಬಿಡೋಣವಾ ಮಾಸ್ತರ್ರೇ? ಇಷ್ಟು ಜನ ಇದೀವಿ. ವ್ಯಾನಿನವನು ಬೇರೆ ಅವಸರ ಮಾಡ್ತಿದಾನೆ.”

“ತಳ್ಳೋದಾ?” ಎಂದರು ಅಕ್ಕ. “ನನ್ನ ತಮ್ಮನ ಕಾರನ್ನಾ? ಇಷ್ಟು ವರ್ಷದಲ್ಲಿ ಒಂದು ದಿನ ಯಾರಾದ್ರೂ ಇದನ್ನ ತಳ್ಳಿದ್ದು ನೋಡಿದೀರಾ? ಅವನ ಕೈಗುಣ ನಿಮಗೆ ಗೊತ್ತಿಲ್ವಾ? ಮುಟ್ಟಿದ್ರೆ ಸಾಕು, ಸಾಕಿದ ಹಸುವಿನ ಹಾಗೆ ಮಾತು ಕೇಳುತ್ತೆ.”

“ಬೇಡ ಬೇಡ, ತಳ್ಳೋದು ಬೇಡ,” ಎಂದರು ಮಾಸ್ತರರು. “ಎರಡು ನಿಮಿಷ. ನೋಡ್ತೀನಿ.”

ಮಾತು ತಾನಾಗಿಯೇ ಬಂದುಬಿಟ್ಟಿತು. ಬಾಯಿಗೆ ಅದು ಎಷ್ಟೋ ವರ್ಷಗಳ ಅಭ್ಯಾಸ.

ಬಾನೆಟ್ ತೆಗೆಯುವ ಹಿಡಿ ಸ್ಟಿಯರಿಂಗಿನ ಕೆಳಗೆ ಎಲ್ಲೋ ಇತ್ತು. ಅವಳು ಎತ್ತಲೋ ನೋಡುತ್ತಾ, ಏನೋ ಮಾತಾಡುತ್ತಾ, ಕೈಹಾಕಿ ಎಳೆಯುತ್ತಿದ್ದುದನ್ನು ಅವರು ನೋಡಿದ್ದರು. ಈಗ ಅವರು ಕತ್ತಲಲ್ಲಿ ಕನ್ನಡಕ ಹುಡುಕುವವರಂತೆ ತಡಕಾಡಿದರು. ಕೊನೆಗೆ ಕೈಗೆ ಏನೋ ಸಿಕ್ಕಿತು, ಎಳೆದರು, ಮುಂದೆ ಬಾನೆಟ್ ಒಂದಿಷ್ಟು ಬಾಯಿ ಬಿಟ್ಟಿತು.

“ನೋಡಿ, ಇಂಥ ದಿನಾನೂ ಅವರ ಕೈಗೆ ಬಿಡುವಿಲ್ಲ,” ಎಂದು ಗೇಟಿನ ಬಳಿ ಯಾರೋ ಹೆಂಗಸು ಮೆಲ್ಲಗೆ ಅಂದಳು. ಅದು ಕೇಳಿಸದವರಂತೆ ಮಾಸ್ತರರು ಎಂಜಿನ್ನಿನ ಮೇಲೆ ಬಗ್ಗಿದರು.

*

ಕಾರು ಕೊಂಡಾಗ ಮಗಳು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಳು. ಇಬ್ಬರ ಕೈ ದಾಟಿ ಬಂದ ಕಾರು. ನಾಲ್ಕು ಬಾಗಿಲು, ಒಂದು ಸಂಸಾರದ ಗಂಟುಮೂಟೆ ಹಿಡಿಸುವ ಡಿಕ್ಕಿ, ಹಿಂದಿನ ಸೀಟಿನಲ್ಲಿ ಯಾರದೋ ಮಗು ಪೆನ್ನಿನಿಂದ ಗೀಚಿದ ಗೆರೆಗಳು. ಮಾಸ್ತರರು ಅಂಚೆ ಕಚೇರಿಯಲ್ಲಿ ಕೌಂಟರ್ ಗುಮಾಸ್ತರಾಗಿದ್ದರು. ಬೀದಿಯವರು ಅವರನ್ನು ಪೋಸ್ಟ್‌ಮಾಸ್ತರ್ರು ಎಂದು ಕರೆಯತೊಡಗಿ, ಆಮೇಲೆ ಬರೀ ಮಾಸ್ತರ್ರು ಎಂದರು. ಅವರು ಪೋಸ್ಟ್‌ಮಾಸ್ತರರು ಆಗಲೇ ಇಲ್ಲ. ಕರೆದವರನ್ನು ತಿದ್ದಲೂ ಇಲ್ಲ.

ಹೆಂಡತಿ ಮನೆಯಲ್ಲೇ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳಿಗೆ ಸ್ವೆಟರು ಹೆಣೆಯುತ್ತಿದ್ದಳು. ಬೀದಿಗೆಲ್ಲ ಅವಳು ಸ್ವೆಟರಮ್ಮ. ಯಂತ್ರದ ನೂರಾರು ಸೂಜಿಗಳಲ್ಲಿ ಯಾವುದಾದರೊಂದು ದಿನಾ ಸೊಟ್ಟಗಾಗುತ್ತಿತ್ತು. ಅವಳು ಅದನ್ನು ಬಿಚ್ಚಿ, ನೇರಮಾಡಿ, ಎಣ್ಣೆ ಬಿಟ್ಟು ಮತ್ತೆ ಕೂಡಿಸುತ್ತಿದ್ದಳು. ಅದನ್ನು ಅವಳು ಒಂದು ಕೆಲಸವೆಂದು ಎಣಿಸಿಯೇ ಇರಲಿಲ್ಲ.

ಗ್ಯಾರೇಜಿನ ಖರ್ಚು ಉಳಿಸೋಣವೆಂದು ಒಂದು ಭಾನುವಾರ ಮಾಸ್ತರರೇ ಆಯಿಲ್ ಬದಲಿಸಲು ಹೊರಟರು. ಬಿಚ್ಚಬೇಕಾದ ಬೋಲ್ಟು ಬಿಟ್ಟು ಬೇರೊಂದನ್ನು ಬಿಚ್ಚಿ ಪೇಚಿಗೆ ಸಿಕ್ಕಿಕೊಂಡರು. ಅವಳು ಹೊರಗೆ ಬಂದಳು, ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದಳು, ಒಳಗೆ ಹೋಗಿ ಅವರದೇ ಒಂದು ಹಳೆಯ ಪ್ಯಾಂಟು ತೊಟ್ಟುಕೊಂಡು ಬಂದು ಗೋಣಿಚೀಲ ಹಾಸಿ ಕಾರಿನ ಕೆಳಗೆ ತೂರಿಕೊಂಡಳು.

“ನಿನಗೆ ಬರುತ್ತೇನೇ?”

“ನೋಡೋಣ. ನನ್ನ ಮೆಷಿನ್ನೂ ಹೀಗೇ ಅಲ್ವೇನ್ರೀ? ಇದು ಸ್ವಲ್ಪ ದಪ್ಪ, ಅಷ್ಟೇ.”

ಹಾಗೆ ಅವಳು ಕೆಳಗೆ ಮಲಗಿರುವಾಗಲೇ ಎದುರುಮನೆಯವರು ಗೇಟಿನ ಬಳಿ ಬಂದು ನಿಂತರು. ಸಿಟಿ ಬಸ್ಸಿನ ಡ್ರೈವರ್. ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ, ಬಸ್ಸು ಓಡಿಸುತ್ತಿದ್ದುದರಿಂದ ಎಲ್ಲರಿಗೂ ಬಸ್ಸಣ್ಣ. “ಏನ್ ಮಾಸ್ತರ್ರೇ, ನೀವೇ ಬಿಚ್ಚಿಬಿಟ್ರಾ? ಶಹಬ್ಬಾಸ್!”

ಮಾಸ್ತರರ ಕೈಯಲ್ಲಿ ಸ್ಪ್ಯಾನರ್ ಇತ್ತು. “ಹ್ಞೂಂ, ಏನೋ ಸ್ವಲ್ಪ...” ಎಂದುಬಿಟ್ಟರು.

ಕಾರಿನ ಕೆಳಗಿನಿಂದ ಸಣ್ಣಗೆ ಕಿಸಕ್ಕೆಂದ ಸದ್ದು ಬಂತು. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಗಂಟಲು ದಪ್ಪ ಮಾಡಿಕೊಂಡು “ಹ್ಞೂಂ, ಏನೋ ಸ್ವಲ್ಪ...” ಎಂದು ಅಣಕಿಸಿದಳು. ಮಗಳು ನಕ್ಕು ನಕ್ಕು ತುತ್ತು ನೆತ್ತಿಗೇರಿಸಿಕೊಂಡಳು. ಮಾಸ್ತರರೂ ನಕ್ಕರು. ಆಗ ಅದು ಮನೆಯೊಳಗಿನ ತಮಾಷೆಯಾಗಿತ್ತು.

ಆಮೇಲೆ ಅದು ರೂಢಿಯಾಯಿತು. ಭಾನುವಾರ ಬೆಳಗ್ಗೆ ಮನೆಯ ಹಿಂಬದಿಯ ಶೆಡ್ಡಿನಲ್ಲಿ ಅವಳು ಪ್ಲಗ್ ಉಜ್ಜುವಳು, ಫ್ಯಾನ್ ಬೆಲ್ಟ್ ಬಿಗಿಮಾಡುವಳು, ಚಕ್ರ ಕಳಚಿ ಬ್ರೇಕು ನೋಡುವಳು. ಮಾಸ್ತರರು ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಬಟ್ಟೆತುಂಡು ಹಿಡಿದು ಬಾಗಿಲಲ್ಲಿ ನಿಲ್ಲುವರು. ಯಾರಾದರೂ ಬರುವ ಸದ್ದಾದರೆ ಇಳಿಸಿದ ಆಯಿಲ್ಲಿನ ಡಬ್ಬಿಗೆ ಎರಡು ಬೆರಳು ಅದ್ದಿ, ಅದನ್ನು ಒರೆಸಿಕೊಳ್ಳುತ್ತಾ ಗೇಟಿಗೆ ಹೋಗುವರು. ಅವಳ ಉಗುರಿನ ಕಪ್ಪು ಸ್ವೆಟರಿನ ಯಂತ್ರದ್ದೆಂದು ಲೆಕ್ಕ.

ಬೀದಿಯವರು ತಮ್ಮ ಸ್ಕೂಟರು, ಕಾರುಗಳ ತಾಪತ್ರಯ ಹೇಳಿಕೊಂಡು ಅವರ ಬಳಿಗೇ ಬರತೊಡಗಿದರು. ಮಾಸ್ತರರು ಗಂಭೀರವಾಗಿ ಕೇಳಿಸಿಕೊಂಡು, “ಇರಿ, ಒಂದು ಲೋಟ ನೀರು ಕುಡಿದು ಬರ್ತೀನಿ,” ಎಂದು ಒಳಗೆ ಹೋಗುವರು. ಯಂತ್ರದ ಮುಂದೆ ಕೂತವಳು ತಲೆಯೆತ್ತದೆ ಹೇಳಿದ್ದನ್ನು ಕೇಳಿ, ಹೊರಗೆ ಬಂದು ಹೇಳುವರು. ಆ ಬೀದಿಯಲ್ಲಿ ಅವರಷ್ಟು ನೀರು ಕುಡಿಯುವವರು ಇನ್ಯಾರೂ ಇರಲಿಲ್ಲ.

*

ಬಾನೆಟ್ಟಿನ ಕೆಳಗೆ ಕೊಳವೆಗಳು, ತಂತಿಗಳು, ಡಬ್ಬಿಗಳು. ಮಾಸ್ತರರು ಒಂದು ರಬ್ಬರ್ ಕೊಳವೆಯನ್ನು ಒತ್ತಿ ನೋಡಿದರು. ಒಂದು ತಂತಿಯನ್ನು ಅಲುಗಿಸಿದರು. ಒಂದು ಮುಚ್ಚಳ ತೆಗೆದು ಒಳಗೆ ಇಣುಕಿ, ತಲೆದೂಗಿ, ಮತ್ತೆ ಮುಚ್ಚಿದರು. ಎಷ್ಟೋ ಕಣ್ಣುಗಳು ಬೆನ್ನಿಗೆ ನಾಟಿದ್ದವು.

“ಹನ್ನೆರಡರ ಸ್ಪ್ಯಾನರ್ ಬೇಕಲ್ಲ,” ಎಂದರು, ಏನಾದರೂ ಹೇಳಬೇಕಲ್ಲ ಎಂದು.

ಕಂಪೌಂಡರು ಶೆಡ್ಡಿಗೆ ಹೋಗಿ ಸಾಮಾನಿನ ಪೆಟ್ಟಿಗೆ ಹೊತ್ತು ತಂದು ಕೆಳಗಿಟ್ಟು ಮುಚ್ಚಳ ತೆಗೆದರು. ಸ್ಪ್ಯಾನರುಗಳೆಲ್ಲ ಒಂದರ ಪಕ್ಕ ಒಂದು ಮಲಗಿದ್ದವು. ಪ್ರತಿಯೊಂದಕ್ಕೂ ಉಳಿದ ಉಲ್ಲನ್ನಿನಲ್ಲಿ ಹೆಣೆದ ಒಂದೊಂದು ಚೀಲ. ಕೆಂಪು, ಹಸಿರು, ನೀಲಿ, ಬೂದು, ಪಟ್ಟೆಪಟ್ಟೆ. ಯಾವ ಯಾವ ಶಾಲೆಯದೋ ಬಣ್ಣಗಳು.

“ಇದೇನು ಮಾಸ್ತರ್ರೇ, ಸ್ಪ್ಯಾನರಿಗೆಲ್ಲ ಸ್ವೆಟರ್ ಹಾಕ್ಸಿಬಿಟ್ಟಿದೀರಲ್ಲ!” ಎಂದು ನಗಲು ಹೊರಟ ಕಂಪೌಂಡರು, ಎಲ್ಲಿ ನಿಂತಿದ್ದೇವೆಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡರು.

ಮಾಸ್ತರರು ಮಂಡಿಯೂರಿ ಕೂತರು. ಯಾವ ಬಣ್ಣದ್ದು ಯಾವ ಅಳತೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕೆಂಪು ಚೀಲ ಎಳೆದು ನೋಡಿದರು. ಅದಲ್ಲ. ಹಸಿರನ್ನು ಎಳೆದರು. ಅದೂ ಅಲ್ಲ. ಚೀಲಗಳು ಒಂದೊಂದಾಗಿ ನೆಲದ ಮೇಲೆ ಬೀಳತೊಡಗಿದವು. ತನ್ನ ಸ್ವಂತ ಪೆಟ್ಟಿಗೆಯಲ್ಲಿ ತಾನೇ ಕಳ್ಳನಂತೆ ಹುಡುಕುತ್ತಿರುವ ಮನುಷ್ಯನನ್ನು ನೋಡಲಾರದೆ ಕಂಪೌಂಡರು ಕಾಂಪೌಂಡಿನತ್ತ ಮುಖ ತಿರುಗಿಸಿದರು.

ಮಗಳು ಬಾಗಿಲಿಗೆ ಬಂದಳು. ಬೆಳಗಿನ ಮೊದಲ ಬಸ್ಸಿಗೆ ಬೇರೆ ಊರಿನಿಂದ ಬಂದವಳು. ಕಣ್ಣು ಊದಿದ್ದವು. ಅಪ್ಪನನ್ನು ನೋಡಿದಳು, ನೆಲದ ಮೇಲಿನ ಚೀಲಗಳನ್ನು ನೋಡಿದಳು.

“ಅಪ್ಪ, ಆಗುತ್ತಾ?”

“ಆಗುತ್ತೆ ಪುಟ್ಟಿ. ಎರಡೇ ನಿಮಿಷ.”

“ಅಮ್ಮ ಕಾಯ್ತಾ ಇದಾಳೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮಾಸ್ತರರಿಗೆ ಎಷ್ಟೋ ಸುಲಭವಾಗುತ್ತಿತ್ತು. ಈ ಮನೆಯಲ್ಲಿ ಬೆಳೆದವಳು, ಎಲ್ಲ ಗೊತ್ತಿದ್ದವಳು. ಗೊತ್ತಿದ್ದೂ ಶಾಲೆಯಲ್ಲಿ, ಗೆಳತಿಯರಲ್ಲಿ, ಆಮೇಲೆ ಗಂಡನ ಮನೆಯಲ್ಲಿ ಕೂಡ ‘ಕಾರಿನ ಕೆಲಸ ಎಲ್ಲಾ ಅಪ್ಪನೇ ಮಾಡೋದು’ ಎಂದು ಹೇಳಿಕೊಂಡು ಬಂದವಳು.

ಹಿಂದಿನಿಂದ ಅಕ್ಕನ ದನಿ ಕೇಳಿತು. ಪಕ್ಕದಲ್ಲಿ ನಿಂತ ಯಾರಿಗೋ ಹೇಳುತ್ತಿದ್ದರು. “ಅವಳು ಪುಣ್ಯ ಮಾಡಿದ್ದಳಮ್ಮ. ಇಂಥ ಗಂಡ ಸಿಕ್ಕಿ ರಾಣಿ ಹಾಗೆ ಕಾರಲ್ಲಿ ಓಡಾಡಿದಳು. ಅವಳಿಗೇನು ಗೊತ್ತಿತ್ತು ಪಾಪ, ಬಾಗಿಲು ತೆಗೆಯೋದು, ಬಾಗಿಲು ಹಾಕೋದು. ಟೈರ್ ಯಾವುದು, ಸ್ಟಿಯರಿಂಗ್ ಯಾವುದು ಅಂತ್ಲೂ ತಿಳೀತಿರಲಿಲ್ಲವಂತೆ.”

“ಅತ್ತೆ,” ಎಂದಳು ಮಗಳು. “ಸಾಕು.”

“ನಾನೇನು ಕೆಟ್ಟದ್ದು ಅಂದೆ? ಇವನೇ ಹೇಳಿದ್ದು.”

ಹೌದು, ಅದು ಮಾಸ್ತರರದೇ ಮಾತು.

*

ಬಸ್ಸಣ್ಣ ಕೆಲಸದಿಂದ ನಿವೃತ್ತರಾದಾಗ ಅವರ ಮನೆಯಲ್ಲಿ ಬೀದಿಯವರನ್ನೆಲ್ಲ ಕರೆದು ಚಹಾ ಕೊಟ್ಟಿದ್ದರು. ಅಕ್ಕನೂ ಆಗ ತಮ್ಮನ ಮನೆಗೆ ಬಂದಿದ್ದರಿಂದ ಜೊತೆಗೆ ಹೋಗಿದ್ದರು. ಮಾತು ಕಾರುಗಳ ಕಡೆಗೆ ಹೊರಳಿತು. ಮಾಸ್ತರರು ರಂಗೇರಿದ್ದರು. ಹಳೆಯ ಕಾರನ್ನು ಹೊಸದರಂತೆ ಇಡುವುದು ಹೇಗೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಯಾರೋ ಅಂದರು: “ಸ್ವೆಟರಮ್ಮಂಗೂ ಸ್ವಲ್ಪ ಕಲಿಸಿಕೊಡಿ ಮಾಸ್ತರ್ರೇ, ಸಹಾಯಕ್ಕಾಗುತ್ತೆ.”

“ಯಾರಿಗೆ, ನಮ್ಮನೆಯವಳಿಗಾ?” ಮಾಸ್ತರರು ನಕ್ಕರು. “ಅವಳಿಗೆ ಟೈರ್ ಯಾವುದು, ಸ್ಟಿಯರಿಂಗ್ ಯಾವುದು ಅಂತ್ಲೂ ಗೊತ್ತಿಲ್ಲ. ಎರಡೂ ದುಂಡಗಿದೆ, ಒಂದೇ ಅಂದ್ಕೊಂಡಿದಾಳೆ!”

ಕೋಣೆ ಬಿದ್ದು ಬಿದ್ದು ನಕ್ಕಿತು. ಮಾಸ್ತರರು ಹಿಂತಿರುಗಿ ನೋಡಿದಾಗ ಅವಳು ಚಹಾದ ಟ್ರೇ ಹಿಡಿದುಕೊಂಡು ಅವರ ಬೆನ್ನ ಹಿಂದೆಯೇ ನಿಂತಿದ್ದಳು. ಅವಳೂ ನಗುತ್ತಿದ್ದಳು.

ಮನೆಗೆ ಬಂದ ಮೇಲೆ ಅವಳು ಆ ಮಾತೆತ್ತಲಿಲ್ಲ. ಅಣಕಿಸಲೂ ಇಲ್ಲ. ಮುಂದಿನ ಭಾನುವಾರ ಮಾಸ್ತರರು ಟಾರ್ಚು ಹಿಡಿದು ಶೆಡ್ಡಿಗೆ ಹೋದರೆ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು.

“ಟಾರ್ಚ್ ಹಿಡೀಲಾ?” ಎಂದು ಕೇಳಿದರು.

“ಬೇಡ,” ಎಂದು ಒಳಗಿನಿಂದ ಉತ್ತರ ಬಂತು. “ಬಲ್ಬ್ ಹಾಕಿಸಿದೀನಿ.”

ಅಷ್ಟೇ. ಜಗಳವಿಲ್ಲ, ಮುನಿಸಿಲ್ಲ, ಊಟ ತಿಂಡಿ ಎಲ್ಲ ಎಂದಿನಂತೆ. ಕಾರು ಎಂದಿನಂತೆ ಓಡಿತು. ಆದರೆ ಅಂದಿನಿಂದ ಅವಳು ಅವರನ್ನು ಶೆಡ್ಡಿನೊಳಗೆ ಕರೆಯಲಿಲ್ಲ. ಯಾರದಾದರೂ ಗಾಡಿಯ ವಿಷಯ ಕೇಳಲು ಅವರು ಒಳಗೆ ಬಂದರೆ, ಮೊದಲು ಎದ್ದುಹೋಗಿ ನಿಜವಾಗಿಯೂ ಒಂದು ಲೋಟ ನೀರು ತಂದು ಅವರ ಕೈಗೆ ಕೊಡುವಳು. ಅವರು ಕುಡಿದು ಮುಗಿಸುವ ತನಕ ಕಾದು, ಆಮೇಲೆ ಹೇಳುವಳು. ಮಾಸ್ತರರು ಪ್ರತಿ ಸಲವೂ ಆ ನೀರನ್ನು ಪೂರ್ತಿ ಕುಡಿದರು.

ಕ್ಷಮೆ ಕೇಳಬೇಕೆಂದು ಅವರಿಗೆ ಅನಿಸಿದ್ದುಂಟು. ಆದರೆ ಅಂದು ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಬೇಕಾದರೆ ಅದಕ್ಕೂ ಹಿಂದಿನದನ್ನೆಲ್ಲ ಹಿಂದೆ ತೆಗೆದುಕೊಳ್ಳಬೇಕಿತ್ತು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ವರ್ಷಗಳು ಹೋದವು.

*

ಬಾನೆಟ್ಟಿನ ಕೆಳಗೆ ಇನ್ನೊಂದು ತಲೆ ಬಂತು. ಬಸ್ಸಣ್ಣ. ಇಬ್ಬರೂ ಎಂಜಿನ್ನಿನ ಮೇಲೆ ಬಗ್ಗಿ ಪಕ್ಕಪಕ್ಕದಲ್ಲಿ ನಿಂತರು. ಹೊರಗಿನಿಂದ ನೋಡುವವರಿಗೆ ಇಬ್ಬರು ತಿಳಿದವರು ಸಮಾಲೋಚನೆ ಮಾಡುತ್ತಿರುವಂತೆ ಕಾಣುತ್ತಿತ್ತು.

“ಮಾಸ್ತರ್ರೇ, ಸಾಕು ಬಿಡಿ,” ಎಂದರು ಬಸ್ಸಣ್ಣ ಮೆಲುದನಿಯಲ್ಲಿ. “ಇದರ ಬ್ಯಾಟರಿ ಸತ್...” ಎಂದವರು ತಡೆದು, “ಕೂತುಬಿಟ್ಟಿದೆ,” ಎಂದರು. “ಅಲ್ನೋಡಿ, ಬಿಳೀ ಪುಡಿ ಹೇಗೆ ಕಟ್ಕೊಂಡಿದೆ. ಈಗ ಏನು ಮಾಡಿದ್ರೂ ಚಾಲೂ ಆಗಲ್ಲ.”

ಮಾಸ್ತರರು ಬಿಳಿ ಪುಡಿಯನ್ನು ನೋಡಿದರು. ಇಷ್ಟು ಹೊತ್ತು ಅದು ಅವರ ಕಣ್ಣೆದುರಿಗೇ ಇತ್ತು.

“ನನಗೆ ಬರಲ್ಲ ಬಸ್ಸಣ್ಣ.”

“ಗೊತ್ತು.”

“ಇವತ್ತಿನ ಮಾತಲ್ಲ. ನನಗೆ ಯಾವತ್ತೂ ಬರ್ತಿರಲಿಲ್ಲ. ಎಲ್ಲಾ ಅವಳೇ...”

“ಗೊತ್ತು ಮಾಸ್ತರ್ರೇ.”

“ಏನು ಗೊತ್ತು ನಿಮಗೆ?”

“ಮೊದಲನೇ ದಿನದಿಂದ ಗೊತ್ತು. ಕಾರಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿತ್ತು. ನೀವು ನನ್ನೆದುರಿಗೆ ಎರಡು ಕಾಲ ಮೇಲೆ ನಿಂತಿದ್ರಿ. ನಿಮಗೇನು ನಾಲ್ಕು ಕಾಲಾ?”

ಮಾಸ್ತರರು ಕಾರಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. “ಬೇರೆಯವರಿಗೆ?”

“ಬೀದಿಗೇ ಗೊತ್ತು.”

“ಕಂಪೌಂಡರಿಗೆ?”

“ಗೊತ್ತು.”

“ಮತ್ತೆ ಎಲ್ಲರೂ ನನ್ನ ಹತ್ರ ಬಂದು ಕೇಳ್ತಿದ್ರಲ್ಲ...”

“ಸ್ವೆಟರಮ್ಮನನ್ನೇ ಕೇಳ್ತಿದ್ದದ್ದು. ನೀವು ಒಳಗೆ ಹೋಗಿ ಉತ್ತರ ತಂದುಕೊಡ್ತಿದ್ರಿ, ಅಷ್ಟೇ. ಪೋಸ್ಟಿನವರಲ್ವಾ.” ಬಸ್ಸಣ್ಣ ಹಾಗೆಂದು ತಾವೇ ಮುಜುಗರಪಟ್ಟುಕೊಂಡರು. ಬ್ಯಾಟರಿಯನ್ನೇ ನೋಡುತ್ತಾ ಹೇಳಿದರು: “ತಪ್ಪು ತಿಳ್ಕೋಬೇಡಿ. ಒಂದ್ಸಲ ನಿಮ್ಮೆದುರಿಗೇ ನನಗೆ ನಗು ತಡೆಯೋಕಾಗದೆ ಹೋಯ್ತು. ಮಾರನೇ ದಿನ ಸ್ವೆಟರಮ್ಮ ಮನೆಗೆ ಬಂದ್ರು. ‘ಅಣ್ಣ, ಅವರು ದಿನಾ ಕೌಂಟರಲ್ಲಿ ಕೂತು ಕಂಡಕಂಡವರ ಹತ್ರ ಅನ್ನಿಸ್ಕೊಂಡು ಬರ್ತಾರೆ. ಬೀದೀಲಾದ್ರೂ ಅವರಿಗೊಂದು ಮರ್ಯಾದೆ ಇರ್ಲಿ. ನೀವು ನೋಡಿಲ್ಲ ಅಂದ್ಕೊಂಡುಬಿಡಿ’ ಅಂದ್ರು. ಹಂಗೇ ಎಲ್ಲರಿಗೂ ಹೇಳಿದ್ರು. ಅವರ ಮಾತನ್ನ ಯಾರು ಮೀರ್ತಾರೆ ಹೇಳಿ?”

ಮಾಸ್ತರರಿಗೆ, ಬೆರಳಿಗೆ ಆಯಿಲ್ ಅದ್ದಿಕೊಂಡು ಗೇಟಿಗೆ ನಡೆದ ಭಾನುವಾರಗಳೆಲ್ಲ ಒಟ್ಟಿಗೆ ಬಂದು ಎದುರಿಗೆ ನಿಂತಂತಾಯಿತು. ಆ ಬೆರಳುಗಳನ್ನು ನೋಡಿ ತಲೆದೂಗಿದವರು, ‘ಅಬ್ಬಾ ಮಾಸ್ತರ್ರೇ’ ಎಂದವರು, ಒಬ್ಬೊಬ್ಬರ ಮುಖವೂ ನೆನಪಾಯಿತು. ಬೀದಿಗೆಲ್ಲ ಗೊತ್ತಿತ್ತು. 

ಬಸ್ಸಣ್ಣನಿಗೆ ಅವರನ್ನು ಸಮಾಧಾನ ಮಾಡಬೇಕಿತ್ತು. “ಅವತ್ತು ನಮ್ಮನೇಲಿ ಟೈರು, ಸ್ಟಿಯರಿಂಗು ಅಂತ ಅಂದ್ರಲ್ಲ, ನೆನಪಿದೆಯಾ? ನಾವೆಲ್ಲ ಯಾಕೆ ಅಷ್ಟು ನಕ್ವಿ ಅಂದ್ಕೊಂಡ್ರಿ? ಸ್ವೆಟರಮ್ಮನೇ ನಮ್ಮೆಲ್ಲರಿಗಿಂತ ಜಾಸ್ತಿ ನಕ್ರು. ಅವರು ಒಂದು ದಿನಕ್ಕೂ ಅದನ್ನ ಮನಸ್ಸಿಗೆ ಹಚ್ಕೊಳ್ಳಲಿಲ್ಲ ಮಾಸ್ತರ್ರೇ. ದೊಡ್ಡ ಮನಸ್ಸು.”

ಶೆಡ್ಡಿನ ಅಗಳಿಯ ವಿಷಯ ಬಸ್ಸಣ್ಣನಿಗೆ ಗೊತ್ತಿರಲಿಲ್ಲ. ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದೊಂದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಾಸ್ತರರು ಈಗಲೂ ಹೇಳಲಿಲ್ಲ.

*

ಕೊನೆಯ ಸಲ ಆಸ್ಪತ್ರೆಯಿಂದ ಬಂದ ಮೇಲೆ ಅವಳಿಗೆ ಸ್ವಲ್ಪ ದಿನ ಎದ್ದು ಕೂರುವಂತಾಗಿತ್ತು. ಒಂದು ಸಂಜೆ ಮಾಸ್ತರರು ಹಾಲು ತರಲು ಹೋಗಿ ಬರುವಷ್ಟರಲ್ಲಿ ಅವಳು ಕಾರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬಾನೆಟ್ ಎತ್ತಿ ನಿಲ್ಲಿಸಿತ್ತು. ಮಡಿಲಲ್ಲಿ ಬಿಸಿನೀರಿನ ಪಾತ್ರೆ, ಅದರಲ್ಲಿ ಸೋಡಾಪುಡಿ, ಕೈಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು. ತಲೆಗೆ ಸುತ್ತಿದ ಸ್ಕಾರ್ಫು ಹಿಂದಕ್ಕೆ ಜಾರಿತ್ತು.

“ಏನಂದ್ರೆ, ಬನ್ನಿ ಇಲ್ಲಿ,” ಎಂದಳು. ಎಷ್ಟೋ ವರ್ಷಗಳ ಮೇಲೆ ಅವಳು ಕಾರಿನ ಬಳಿಗೆ ಅವರನ್ನು ಕರೆದದ್ದು. “ಇದೊಂದು ಕಲ್ತುಬಿಡಿ. ನಿಂತೇ ಇದ್ರೆ ಇಲ್ಲಿ ಪುಡಿ ಕಟ್ಟುತ್ತೆ. ಉಜ್ಜಿ ತೊಳೆದು, ಆಗಾಗ ಒಂದ್ಸಲ ಚಾಲೂ ಮಾಡಿದ್ರಾಯ್ತು. ಹಲ್ಲುಜ್ಜೋದಕ್ಕಿಂತ ಸುಲಭ.”

ಗೇಟು ತೆರೆದಿತ್ತು. ಬೀದಿಯಲ್ಲಿ ಕಂಪೌಂಡರು ತಮ್ಮ ಮನೆಯ ಮೆಟ್ಟಿಲ ಮೇಲೆ ಪೇಪರ್ ಓದುತ್ತಾ ಕೂತಿದ್ದರು.

“ಅದೆಲ್ಲ ನಾನು ಮಾಡ್ಕೊಳ್ತೀನಿ ಬಿಡು, ನೀನು ಹೋಗಿ ಮಲಕ್ಕೋ,” ಎಂದು ಮಾಸ್ತರರು ಗಟ್ಟಿಯಾಗಿ, ಬೀದಿಗೆ ಕೇಳುವಂತೆ ಹೇಳಿದರು. ಆಮೇಲೆ ಬಗ್ಗಿ, ದನಿ ತಗ್ಗಿಸಿ, “ನಾಳೆ ತೋರಿಸು,” ಎಂದರು.

ಅವಳು ಅವರ ಮುಖ ನೋಡಿದಳು. ಬ್ರಷ್ಷು ಹಿಡಿದ ಕೈ ಸ್ವಲ್ಪ ಹೊತ್ತು ಹಾಗೇ ಮೇಲೆಯೇ ಇತ್ತು. ಮಾಸ್ತರರು ಹಾಲು ಇಟ್ಟು ಬರುತ್ತೇನೆಂದು ಒಳಗೆ ಹೋದರು. ಒಳಗೆ ಸುಮ್ಮಸುಮ್ಮನೆ ಹೊತ್ತು ಕಳೆದರು. ತಿರುಗಿ ಬಂದಾಗ ಅವಳು ತಣ್ಣಗಾದ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ಗೋಡೆ ಹಿಡಿದುಕೊಂಡು ಬಾಗಿಲ ಕಡೆಗೆ ಬರುತ್ತಿದ್ದಳು.

ಮರುದಿನ ಅವಳಿಗೆ ಏಳಲಾಗಲಿಲ್ಲ.

ಆ ಸಂಜೆ ಕಂಪೌಂಡರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡದ್ದು ಏಕೆಂದು ಮಾಸ್ತರರಿಗೆ ಇವತ್ತು ತಿಳಿಯಿತು.

*

ಬಸ್ಸಣ್ಣ ಬಾನೆಟ್ ಮುಚ್ಚಿದರು. ಆ ಸದ್ದಿಗೆ ಎಲ್ಲರೂ ಇತ್ತ ತಿರುಗಿದರು.

“ಆಯ್ತೇನೋ?” ಎಂದರು ಅಕ್ಕ.

ಮಾಸ್ತರರು ಅಕ್ಕನ ಮುಂದೆ ಹೋಗಿ ನಿಂತರು. ಎಲ್ಲರಿಗೂ ಕೇಳುವಂತೆ ಹೇಳಬೇಕೆಂದುಕೊಂಡಿದ್ದರು; ದನಿ ಅಷ್ಟು ಏಳಲಿಲ್ಲ. “ಅಕ್ಕ, ನನಗೆ ಈ ಕೆಲಸ ಬರಲ್ಲ. ಯಾವತ್ತೂ ಬರ್ತಿರಲಿಲ್ಲ. ಕಾರನ್ನ ನೋಡ್ಕೊಳ್ತಿದ್ದವಳು ಅವಳು. ಮೊದಲಿಂದಲೂ ಅವಳೇ. ನಾನು ಸುಳ್ಳು ಹೇಳ್ಕೊಂಡು ಬಂದೆ.”

ಅಕ್ಕ ಅವರನ್ನೇ ನೋಡಿದರು. ಆಮೇಲೆ ಕಣ್ಣು ತುಂಬಿಕೊಂಡು ಸುತ್ತಲಿನವರತ್ತ ತಿರುಗಿದರು. “ನೋಡಿ, ದುಃಖಕ್ಕೆ ಏನೇನೋ ಮಾತಾಡ್ತಿದಾನೆ. ಅಷ್ಟು ಪ್ರೀತಿ ಅವಳ ಮೇಲೆ. ಇದ್ದದ್ದನ್ನೆಲ್ಲ ಅವಳಿಗೇ ಕೊಟ್ಟುಬಿಡ್ತಿದಾನೆ. ಯಾರಾದ್ರೂ ಅವನಿಗೊಂದು ಲೋಟ ನೀರು ಕೊಡ್ರಪ್ಪ.”

ಗೇಟಿನ ಬಳಿ ನಿಂತಿದ್ದವರು ನೆಲ ನೋಡಿದರು. ಮಗಳು ಒಳಗೆ ಹೋಗಿ ನೀರು ತಂದು ಅಪ್ಪನ ಕೈಗೆ ಕೊಟ್ಟಳು. ಮಾಸ್ತರರು ಲೋಟ ಹಿಡಿದುಕೊಂಡರು, ಕುಡಿಯಲಾಗಲಿಲ್ಲ. ವ್ಯಾನಿನವನು ಹಾರನ್ ಹೊಡೆದು, “ಸ್ವಾಮಿ, ಸ್ಮಶಾನದಲ್ಲಿ ಸರದಿ ತಪ್ಪಿದ್ರೆ ಸಾಯಂಕಾಲದ ತನಕ ಕಾಯಬೇಕಾಗುತ್ತೆ,” ಎಂದು ಕೂಗಿದ.

“ನಡೀರಿ, ತಳ್ಳೋಣ,” ಎಂದಳು ಮಗಳು. ಲೋಟವನ್ನು ಅಪ್ಪನ ಕೈಯಿಂದ ತೆಗೆದುಕೊಂಡಳು. “ಅಪ್ಪ, ನೀನು ಒಳಗೆ ಕೂತು ಸ್ಟಿಯರಿಂಗ್ ಹಿಡ್ಕೋ.”

“ನಾನೂ ತಳ್ತೀನಿ.”

“ಯಾರಾದ್ರೂ ಹಿಡೀಬೇಕಲ್ಲಪ್ಪ. ಕೂತ್ಕೋ.”

ಬಸ್ಸಣ್ಣ ಹೋಗಿ ಎದುರಿಗಿದ್ದ ತಮ್ಮ ಮನೆಯ ಗೇಟನ್ನು ಅಗಲವಾಗಿ ತೆರೆದು ಬಂದರು. ಕಾರನ್ನು ನೇರ ಹಿಂದಕ್ಕೆ, ಬೀದಿ ದಾಟಿಸಿ, ಅವರ ಅಂಗಳದೊಳಗೇ ಬಿಡುವುದೆಂದಾಯಿತು. ಮಾಸ್ತರರು ಒಳಗೆ ಕೂತು ಗೇರು ಸಡಿಲಿಸಿ ಹ್ಯಾಂಡ್‌ಬ್ರೇಕ್ ಇಳಿಸಿದರು. ಬಸ್ಸಣ್ಣ, ಕಂಪೌಂಡರು, ಇಸ್ತ್ರಿಯವನು, ಮೇಲುಮನೆಯ ಇಬ್ಬರು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟರು. ಮಗಳೂ ಬಂದು ನಡುವೆ ಸೇರಿಕೊಂಡಳು.

“ಒಂದ್... ಎರಡ್...”

ಕಾರು ಕದಲಿತು. ಗಾಜಿನಾಚೆ, ಕೈಗೆಟಕುವಷ್ಟು ಹತ್ತಿರದಲ್ಲಿ, ಅವರೆಲ್ಲರ ತಲೆಗಳು ಬಗ್ಗಿದ್ದವು. ನರೆತ ತಲೆ, ಬೋಳು ತಲೆ, ಮಗಳ ಬೈತಲೆ. ಯಾರೂ ಮುಖ ಎತ್ತಲಿಲ್ಲ. ತನ್ನ ಮುಖ ನೋಡಬೇಕಾದೀತೆಂದೇ ಅವರು ಎತ್ತುತ್ತಿಲ್ಲವೇನೋ ಎಂದು ಮಾಸ್ತರರಿಗೆ ಅನಿಸಿತು. ಅವರು ಸ್ಟಿಯರಿಂಗನ್ನು ನೇರವಾಗಿ ಹಿಡಿದು ಕೂತರು. ಕಾರು ಗೇಟು ದಾಟಿತು, ಬೀದಿ ದಾಟಿತು, ಎದುರುಮನೆಯ ಅಂಗಳದಲ್ಲಿ ಹೂಕುಂಡಗಳ ನಡುವೆ ಹೋಗಿ ನಿಂತಿತು.

ತಳ್ಳಿದವರು ಕೈ ಝಾಡಿಸಿಕೊಂಡು ಆಗಲೇ ವಾಪಸ್ಸು ಓಡಿದ್ದರು. ಮಾಸ್ತರರು ಹ್ಯಾಂಡ್‌ಬ್ರೇಕ್ ಎಳೆದರು. ಇಳಿಯಬೇಕು. ಸ್ಟ್ರೆಚರಿನ ಮುಂದಿನ ಹಿಡಿ ತನ್ನದು, ಎಲ್ಲರೂ ತನಗಾಗಿ ಕಾಯುತ್ತಾರೆ. ಬಾಗಿಲಿನ ಮೇಲೆ ಕೈ ಇಟ್ಟರು. ತೆಗೆಯಲಾಗಲಿಲ್ಲ.

ಬೀದಿಯಾಚೆ, ತೆರವಾದ ದಾರಿಯ ಕೊನೆಯಲ್ಲಿ, ಅವರ ಮನೆಯ ಬಾಗಿಲು ನೇರ ಎದುರಿಗೆ ಕಾಣುತ್ತಿತ್ತು. ಅಲ್ಲಿ ಒಂದು ಗಡಿಬಿಡಿಯಾಯಿತು. ಯಾರೋ ಮಾಸ್ತರರನ್ನು ಹುಡುಕಿ ಅತ್ತಿತ್ತ ನೋಡಿದರು. ಮಗಳು ಏನೋ ಹೇಳಿದಳು, ಮುಂದಿನ ಹಿಡಿಯನ್ನು ತಾನೇ ಹಿಡಿದುಕೊಂಡಳು. ಇನ್ನೊಂದನ್ನು ಬಸ್ಸಣ್ಣ ಹಿಡಿದರು. ಬಿಳಿ ಬಟ್ಟೆ ಬಾಗಿಲು ದಾಟಿ ಹೊರಗೆ ಬಂತು, ಮೆಲ್ಲಗೆ ಕಾರಿನತ್ತಲೇ ಬರತೊಡಗಿತು.

ಮುಂದಿನ ಗಾಜು ಇಷ್ಟು ದಿನದ ಧೂಳಿನಿಂದ ಮಸುಕಾಗಿತ್ತು. ಅವಳು ಸರಿಯಾಗಿ ಕಾಣುತ್ತಿರಲಿಲ್ಲ. ಮಾಸ್ತರರು ವೈಪರಿನ ಗುಂಡಿ ಎಳೆದರು, ಅದು ಕದಲಲಿಲ್ಲ. ಅಂಗೈಯಿಂದ ಗಾಜನ್ನು ಒರೆಸಿದರು. ತೋಳಿನ ಬಟ್ಟೆ ಎಳೆದುಕೊಂಡು ಮತ್ತೆ ಒರೆಸಿದರು, ಇನ್ನಷ್ಟು ಜೋರಾಗಿ. ಧೂಳು ಗಾಜಿನ ಹೊರಗಡೆ ಇತ್ತು.